ಅಜ್ಜನ ಕಾಲದ ಬೋಲ್ಟ್ ರೈಫಲ್: ಇದು ಯಾವುದು, ಬಳಸಲು ಯೋಗ್ಯವೇ?

ಮಾಳ_ಕೃಷಿಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರ್ಕಳ ತಾಲೂಕಿನ ಮಾಳದ ಕಡೆ, ಘಟ್ಟದ ಬುಡದಲ್ಲಿರುವ ಅಡಿಕೆ ತೋಟ. ತಂದೆಯವರ ಪರವಾನಗಿಯಲ್ಲಿ ಎರಡು ಕೋವಿಗಳಿವೆ. ಒಂದು, ಬೆಳೆ ರಕ್ಷಣೆಗೆಂದು ತೆಗೆದುಕೊಂಡ ಹನ್ನೆರಡು ಬೋರಿನ ಜೋಡು ನಳಿಗೆಯ ಕೋವಿ. ಅದರ ಬಗ್ಗೆ ನನ್ನ ಪ್ರಶ್ನೆಯಿಲ್ಲ. ಇನ್ನೊಂದು, ಚಿಕ್ಕಮಗಳೂರಿನ ಕಡೆ ಕಾಫಿ ತೋಟ ಮಾರಿ ಸ್ವದೇಶಕ್ಕೆ ಹೊರಟಿದ್ದ ದೊರೆಯೊಬ್ಬರಿಂದ ಅಜ್ಜ ಕೊಂಡದ್ದೆಂದು ಮನೆಯಲ್ಲಿ ಹೇಳುವ ಬೋಲ್ಟ್ ರೈಫಲ್. ತಂದೆಯವರಿಗೆ ಎಪ್ಪತ್ತು ದಾಟಿರುವುದರಿಂದ ಎರಡನ್ನೂ ನನ್ನ ಹೆಸರಿಗೆ ಮಾಡಿಸಿಕೊಳ್ಳುವ ಮಾತು ನಡೆದಿದೆ. ಅರ್ಜಿ ಬರೆಯುವ ಮೊದಲು ಈ ರೈಫಲ್ ನಿಜವಾಗಿ ಯಾವುದು, ಯಾವ ಕಾಲದ್ದು, ಈಗಲೂ ಬಳಸಬಹುದೇ, ಬೆಲೆ ಏನಾದರೂ ಇದೆಯೇ ಎಂಬುದು ನನಗೆ ತಿಳಿಯಬೇಕಾಗಿದೆ.

ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನಳಿಗೆಯ ಬುಡ ಎಂಟು ಮೂಲೆಯದು, ಅರ್ಧದಿಂದಾಚೆ ದುಂಡಗಾಗುತ್ತದೆ. ಅದರ ಬೆನ್ನ ಮೇಲೆ ತುದಿಯವರೆಗೂ ತೆಳುವಾದ ಉಕ್ಕಿನ ಪಟ್ಟಿಯೊಂದು ಓಡುತ್ತದೆ. ಆ ಪಟ್ಟಿಯ ಮೇಲೆ ಕೆತ್ತಿದ್ದ ಹೆಸರು ಸವೆದುಹೋಗಿ, ಕೊನೆಯಲ್ಲಿರುವ 'ಸೂಲ್' ಎಂಬ ಊರಿನ ಹೆಸರು ಮಾತ್ರ ಓದಲು ಸಿಗುತ್ತದೆ. ಬೋಲ್ಟಿನ (ಹಿಂದಕ್ಕೆ ಮುಂದಕ್ಕೆ ಸರಿಸಿ ತೋಟೆ ಕೂರಿಸುವ ಉಕ್ಕಿನ ಸರಳಿನ) ಹಿಡಿಯ ತುದಿಯಲ್ಲಿ ಗುಂಡನೆಯ ಬುಗುಟಿಲ್ಲ. ಚಪ್ಪಟೆಯಾಗಿ ಕೆಳಕ್ಕೆ ಬಾಗಿ ಮರಕ್ಕೆ ಅಂಟಿಕೊಂಡಂತಿದೆ. ಟ್ರಿಗರ್ ಎರಡು, ಒಂದರ ಹಿಂದೆ ಒಂದು. ನಡುವೆ ಸಾಸಿವೆಯಷ್ಟು ಸಣ್ಣ ತಿರುಪು. ತೋಟೆ ತುಂಬುವ ಪೆಟ್ಟಿಗೆಯ ತಳದ ತಗಡಿನಲ್ಲಿ ಕವಲುಕೊಂಬಿನ ಜಿಂಕೆಯ ಚಿತ್ರವಿದೆ. ಹೆಗಲಿಗೆ ಒತ್ತುವ ಕಡೆ ಕೊಂಬಿನ ಬಿಲ್ಲೆ. ಮೇಲೆ ಕೂರಿಸಿ ತೆಗೆಯಬಹುದಾದ ದುರ್ಬೀನಿದೆ. ಅದರ ಮೇಲೆ 'ಹೆನ್ಸೋಲ್ಟ್, ವೆಟ್ಸ್‌ಲರ್' ಎಂದಿದೆ, ಒಳಗೆ ಮಾತ್ರ ಜೇಡರ ಬಲೆ ಕಟ್ಟಿದಂತೆ ಕಾಣುತ್ತದೆ.

ಪರವಾನಗಿ ಪುಸ್ತಕದಲ್ಲಿ '8 ಎಂ.ಎಂ. ರೈಫಲ್' ಎಂದಷ್ಟೇ ಬರೆದಿದೆ. ಚುನಾವಣೆಯ ಸಮಯದಲ್ಲಿ ಠಾಣೆಯಲ್ಲಿ ಠೇವಣಿ ಇಟ್ಟಾಗ ಕೊಟ್ಟ ರಸೀದಿಗಳಲ್ಲಿ ಒಂದರಲ್ಲಿ 'ಮೌಸರ್' ಎಂದೂ ಇನ್ನೊಂದರಲ್ಲಿ '.315' ಎಂದೂ ನಮೂದಾಗಿದೆ. ಊರಿನ ಹಿರಿಯರೊಬ್ಬರು ಬೋಲ್ಟಿನ ಹಿಡಿ ನೋಡಿದವರೇ ಇದು ಮ್ಯಾನ್‌ಲಿಖರ್ ಎಂದರು. ಮತ್ತೊಬ್ಬರು, ಇಂಚಿನಲ್ಲಿ .315 ಎಂದರೂ 8 ಎಂ.ಎಂ. ಎಂದರೂ ಒಂದೇ, ಅಂಗಡಿಯಲ್ಲಿ ಸಿಗುವ .315ರ ತೋಟೆಯನ್ನೇ ತಂದು ಹಾಕಬಹುದು ಎನ್ನುತ್ತಾರೆ. ಅಜ್ಜನ ಕಾಲದ ಕೆಲವು ತೋಟೆಗಳೂ ಡಬ್ಬಿಯಲ್ಲಿವೆ, ಅವುಗಳ ತಳದಲ್ಲಿ 'ಡಿಡಬ್ಲ್ಯುಎಂ' ಎಂಬ ಅಕ್ಷರಗಳಿವೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಗುರಿಕಾರ_ಮಂಗಳೂರು

ಮಾಳದವರೇ, ಮೊದಲು ಒಂದು ಮಾತು: ಉಳಿದದ್ದೆಲ್ಲ ತೀರ್ಮಾನವಾಗುವ ತನಕ ಆ ರೈಫಲಿಗೆ ಯಾವ ತೋಟೆಯನ್ನೂ ಹಾಕಬೇಡಿ, ಹಾಕಿ ನೋಡಲೂ ಬೇಡಿ. .315 ಕುರಿತು ನಿಮಗೆ ಸಿಕ್ಕಿದ ಸಲಹೆ ಅಪಾಯಕಾರಿ. ನಮ್ಮ ಸರಕಾರಿ ಕಾರ್ಖಾನೆಯ .315 ರೈಫಲಿನದು 8×50 ಆರ್ ಎಂಬ ಹಳೆಯ ಆಸ್ಟ್ರಿಯನ್ ಮ್ಯಾನ್‌ಲಿಖರ್ ತೋಟೆ. ಅದರ ಬುಡದಲ್ಲಿ ಹೊರಚಾಚಿದ ಅಂಚು ಇದೆ, ಕೊಳವೆಯ ಉದ್ದ 50 ಮಿಲಿಮೀಟರ್. ಜರ್ಮನ್ ಬೇಟೆ ರೈಫಲ್‌ಗಳಲ್ಲಿ ಹೆಚ್ಚಾಗಿ ಕಾಣುವ 8 ಎಂ.ಎಂ. ತೋಟೆ 8×57, ಅದಕ್ಕೆ ಅಂಚಿಲ್ಲ, ಉದ್ದ 57. ಎರಡಕ್ಕೂ '8' ಎಂಬ ಅಂಕೆಯೊಂದನ್ನು ಬಿಟ್ಟರೆ ಸಂಬಂಧವಿಲ್ಲ. ಠಾಣೆಯ ರಸೀದಿ ಬರೆದವರು ಪರವಾನಗಿಯ 8 ಎಂ.ಎಂ. ಎಂಬುದನ್ನು ತಮಗೆ ಪರಿಚಯವಿದ್ದ .315 ಎಂದು ಬರೆದುಕೊಂಡಿರಬೇಕು.

ಮ್ಯಾನ್‌ಲಿಖರ್ ಎಂಬ ಊಹೆಯೂ ಸರಿಯೆನಿಸುವುದಿಲ್ಲ. ಚಪ್ಪಟೆಯ ಬೋಲ್ಟ್ ಹಿಡಿ ಸ್ಟೈಯರ್ ಕಾರ್ಖಾನೆಯ ಮ್ಯಾನ್‌ಲಿಖರ್-ಶೋನವರ್ ರೈಫಲಿನ ಗುರುತೆಂದು ಪ್ರಸಿದ್ಧವಾದರೂ, ಮೌಸರ್ ಬೇಟೆ ರೈಫಲ್‌ಗಳಲ್ಲೂ ಅದು ಧಾರಾಳವಾಗಿ ಕಂಡುಬರುತ್ತದೆ. ನೋಡಬೇಕಾದದ್ದು ಹಿಡಿಯ ಆಕಾರವನ್ನಲ್ಲ, ಅದು ಇರುವ ಜಾಗವನ್ನು. ಮ್ಯಾನ್‌ಲಿಖರ್-ಶೋನವರ್‌ನಲ್ಲಿ ರಿಸೀವರಿನ (ನಳಿಗೆಯ ಬುಡಕ್ಕೆ ಸೇರಿ ಬೋಲ್ಟನ್ನು ಹಿಡಿದಿರುವ ಉಕ್ಕಿನ ಮೈಯ) ಹಿಂಬದಿಯ ಸೇತುವೆ, ಅಂದರೆ ಬೋಲ್ಟಿನ ಮೇಲೆ ಹಾಯುವ ಕಮಾನು, ಮೇಲ್ಗಡೆ ಸೀಳಿದ್ದು, ಬೋಲ್ಟಿನ ಹಿಡಿ ಆ ಸೀಳಿನ ಮೂಲಕ ಹಾದು ಸೇತುವೆಯ ಮುಂದೆ ಕೂರುತ್ತದೆ. ತೋಟೆಗಳು ಪೆಟ್ಟಿಗೆಯಲ್ಲಿ ಸಾಲಾಗಿ ಕೂರದೆ, ತಿರುಗುವ ಉರುಳೆಯೊಂದರ ಸುತ್ತ ಕೂರುತ್ತವೆ. ನಿಮ್ಮದರಲ್ಲಿ ಹಿಡಿ ಸೇತುವೆಯ ಹಿಂದಿದ್ದು, ಬೋಲ್ಟಿನ ಬಲ ಮಗ್ಗುಲಲ್ಲಿ ಉದ್ದಕ್ಕೂ ಅಗಲವಾದ ಸ್ಪ್ರಿಂಗ್ ಪಟ್ಟಿಯ ಕೊಕ್ಕೆ ಇದ್ದು, ಬೋಲ್ಟನ್ನು ಹೊರಗೆಳೆದಾಗ ಮುಂತುದಿಯಲ್ಲಿ ಎರಡು ಹಲ್ಲುಗಳೂ ಹಿಂದುಗಡೆ ಮೂರನೆಯ ಕಾವಲು ಹಲ್ಲೂ ಕಂಡರೆ, ಅದು 1898ರ ಮಾದರಿಯ ಮೌಸರ್ ಎಂದೇ ತಿಳಿಯಬಹುದು.

ಹಾಗೆಂದ ಮಾತ್ರಕ್ಕೆ ಇಡೀ ರೈಫಲ್ ಮೌಸರ್ ಕಾರ್ಖಾನೆಯದೆಂದು ಆಗುವುದಿಲ್ಲ, ಹಳೆಯ ಯುರೋಪಿಯನ್ ರೈಫಲ್‌ಗಳ ವಿಷಯದಲ್ಲಿ ನಮ್ಮವರು ಎಡವುವುದು ಇಲ್ಲಿಯೇ. ಸೂಲ್ ಎಂಬುದು ಜರ್ಮನಿಯ ಥುರಿಂಗಿಯಾದ ಊರು, ಶತಮಾನಗಳಿಂದ ಕೋವಿ ಕೆಲಸಕ್ಕೆ ಹೆಸರಾದದ್ದು. ಸಾವರ್ ಕಂಪೆನಿ ಅಲ್ಲಿ ಆರಂಭವಾದದ್ದು 1751ರಲ್ಲಿ. ಅಲ್ಲಿ ನಳಿಗೆ ಮಾಡುವವನೊಬ್ಬ, ಮರ ಕೂರಿಸುವವನೊಬ್ಬ, ಕೆತ್ತುವವನು ಇನ್ನೊಬ್ಬ. ಓಬರ್ನ್‌ಡೋರ್ಫ್‌ನ ಮೌಸರ್ ಕಾರ್ಖಾನೆಯಿಂದ ಬರಿಯ ಆ್ಯಕ್ಷನ್ (ರಿಸೀವರ್ ಮತ್ತು ಬೋಲ್ಟ್ ಸೇರಿದ ಭಾಗ) ತರಿಸಿಕೊಂಡು, ಗಿರಾಕಿ ಕೇಳಿದಂತೆ ರೈಫಲ್ ಕಟ್ಟಿ ಕೊಡುವ ಸಣ್ಣ ಪುಟ್ಟ ಕಾರ್ಯಾಗಾರಗಳು ಅಲ್ಲಿ ತುಂಬ ಇದ್ದವು. ಹೀಗಾಗಿ ನಳಿಗೆಯ ಬೆನ್ನ ಮೇಲಿನ ಹೆಸರು ಕಟ್ಟಿದವನದಾಗಿರಬಹುದು, ಬರಿಯ ಮಾರಿದವನದೂ ಆಗಿರಬಹುದು. ಇಂಗ್ಲೆಂಡಿನಲ್ಲಿಯೂ ಕತೆ ಇದೇ: 1907ರಲ್ಲಿ ಚಂಪಾವತಿನ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲಿನ ಆ್ಯಕ್ಷನ್ ಮೌಸರಿನದು, ತೋಟೆಯೂ ಜರ್ಮನರ 7×57. ಕಲ್ಕತ್ತೆಯ ಮ್ಯಾಂಟನ್, ರೊಡ್ಡಾ ಮೊದಲಾದ ಅಂಗಡಿಗಳು ಇಂಥವಕ್ಕೆ ತಮ್ಮ ಹೆಸರನ್ನೂ ಹೊಡೆಸಿ ಮಾರುತ್ತಿದ್ದವು. (1914ರಲ್ಲಿ ಬಂಗಾಳದ ಕ್ರಾಂತಿಕಾರಿಗಳು ಮೌಸರ್ ಪಿಸ್ತೂಲುಗಳನ್ನು ಕದ್ದೊಯ್ದದ್ದು ಇದೇ ರೊಡ್ಡಾ ಕಂಪೆನಿಗೆ ಬಂದಿದ್ದ ಸರಕಿನಿಂದ.)

ಆದುದರಿಂದ ಸವೆದ ಹೆಸರಿನ ಚಿಂತೆ ಬಿಡಿ. ರೈಫಲಿನ ಜಾತಕ ಇರುವುದು ನಳಿಗೆಯ ಹೊಟ್ಟೆಯಡಿಯಲ್ಲಿ, ಮರದೊಳಗೆ ಅಡಗಿರುವ ಭಾಗದಲ್ಲಿ. ಜರ್ಮನಿಯಲ್ಲಿ 1891ರ ಕಾಯಿದೆ 1893ರಿಂದ ಜಾರಿಗೆ ಬಂದು, ಮಾರಾಟಕ್ಕೆ ಮೊದಲು ಪ್ರತಿ ಕೋವಿಯನ್ನೂ ಸರಕಾರಿ ಪರೀಕ್ಷಾಲಯದಲ್ಲಿ ಹೆಚ್ಚಿನ ಮದ್ದಿನಿಂದ ಹಾರಿಸಿ ಮುದ್ರೆ ಒತ್ತುವುದು ಕಡ್ಡಾಯವಾಯಿತು. ಕಿರೀಟದ ಕೆಳಗೆ 'ಬಿ', 'ಯು', 'ಜಿ' ಎಂಬ ಅಕ್ಷರಗಳು ಆ ಕಾಲದವು. 'ಜಿ' ಎಂದರೆ ಸುರುಳಿ ಗೆರೆಯ ನಳಿಗೆ. 1940ರಿಂದ ಕಿರೀಟ ಹೋಗಿ ಹದ್ದು ಬಂತು. ಕಿರೀಟ ಕಂಡರೆ ರೈಫಲ್ 1893 ಮತ್ತು 1940ರ ನಡುವಿನದು. ಮೊದಲ ಮಹಾಯುದ್ಧದ ಹೊತ್ತಿನಿಂದೀಚಿನ ಸೂಲ್ ನಳಿಗೆಗಳಲ್ಲಿ ಸಾಮಾನ್ಯವಾಗಿ ತಿಂಗಳು ಮತ್ತು ವರ್ಷದ ಅಂಕೆಗಳೂ, ಮದ್ದಿನ ತೂಕ ಗ್ರಾಮಿನಲ್ಲಿಯೂ, ನಳಿಗೆಯ ಒಳವ್ಯಾಸ ಮಿಲಿಮೀಟರಿನಲ್ಲಿಯೂ ಇರುತ್ತವೆ. ಇಂಗ್ಲೆಂಡಿನ ಮೂಲಕ ಬಂದದ್ದಾದರೆ ಅಲ್ಲಿನ ಪರೀಕ್ಷಾಲಯದವರು 'ನಾಟ್ ಇಂಗ್ಲಿಷ್ ಮೇಕ್' ಎಂದು ಹೊಡೆದಿರುವುದೂ ಉಂಟು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. 8×57 ಎಂದು ಕರೆಯುವ ತೋಟೆಯೇ ಎರಡು ಬಗೆ. 1888ರ ಮೂಲ ತೋಟೆಯ ಗುಂಡಿನ ವ್ಯಾಸ ಸುಮಾರು 8.07 ಮಿಲಿಮೀಟರ್, ಇದನ್ನು 'ಜೆ' ಎನ್ನುತ್ತಾರೆ. 1905ರ ಹೊತ್ತಿಗೆ ಜರ್ಮನ್ ಸೇನೆ ಚೂಪು ಮೂತಿಯ, 8.20 ಮಿಲಿಮೀಟರ್ ಗುಂಡಿಗೆ ಬದಲಾಯಿಸಿತು, ಇದು 'ಜೆಎಸ್'. ಸೇನೆ ಬದಲಾಯಿಸಿದರೂ ಬೇಟೆ ರೈಫಲ್ ಕಟ್ಟುವವರು ಮುಂದೆ ಬಹುಕಾಲ 'ಜೆ' ನಳಿಗೆಗಳನ್ನೇ ಹಾಕುತ್ತಿದ್ದರು. ಎರಡೂ ತೋಟೆಗಳು ಹೊರನೋಟಕ್ಕೆ ಒಂದೇ ರೀತಿ ಇದ್ದು ಒಂದೇ ಗೂಡಿನಲ್ಲಿ (ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗದಲ್ಲಿ) ಕೂರಬಲ್ಲವು. ಕಿರಿದಾದ 'ಜೆ' ನಳಿಗೆಯಲ್ಲಿ ದಪ್ಪ ಗುಂಡಿನ, ಜೋರು ಮದ್ದಿನ 'ಜೆಎಸ್' ಹಾರಿಸಿದರೆ ಒತ್ತಡ ಎಲ್ಲಿಗೆ ಏರುತ್ತದೆಂದು ಹೇಳಲಾಗದು. ಡಬ್ಬಿಯಲ್ಲಿರುವ ತೋಟೆಗಳನ್ನು ನೋಡಿ ಇದನ್ನು ನಿರ್ಧರಿಸಲಾಗುವುದಿಲ್ಲ. ಡಿಡಬ್ಲ್ಯುಎಂ ಎಂಬುದು ಬರ್ಲಿನ್ ಮತ್ತು ಕಾರ್ಲ್ಸ್‌ರೂಹೆಗಳಲ್ಲಿ ಕಾರ್ಖಾನೆಯಿದ್ದ ದೊಡ್ಡ ಕಂಪೆನಿಯ ಗುರುತು, ಎಲ್ಲ ಅಳತೆಯ ತೋಟೆಗಳಲ್ಲೂ ಅದು ಇರುತ್ತದೆ. ಸೀಸದ ಮೆತ್ತನೆಯ ಗುಂಡೊಂದನ್ನು ನಳಿಗೆಯೊಳಗೆ ನಿಧಾನವಾಗಿ ತಳ್ಳಿ ಹೊರತೆಗೆದು, ಅದರ ಮೇಲೆ ಮೂಡಿದ ಗೆರೆಗಳ ಅಳತೆಯನ್ನು ಮೈಕ್ರೋಮೀಟರಿನಲ್ಲಿ ಹಿಡಿಯಬೇಕು. ಇದನ್ನು ಪರವಾನಗಿ ಇರುವ ಕೋವಿ ರಿಪೇರಿಯವರಿಂದಲೇ ಮಾಡಿಸಿ.

ಪಡುಕರೆ

ಗುರಿಕಾರರು ಗುರುತಿನ ಬಗ್ಗೆ ಬರೆದಿದ್ದಾರೆ. ನಾನು ಸ್ಥಿತಿಗತಿಯ ಬಗ್ಗೆ ಸೇರಿಸುತ್ತೇನೆ. ಕರಾವಳಿಯ ಮನೆಗಳಲ್ಲಿ ಉಳಿದಿರುವ ಹಳೆಯ ರೈಫಲ್‌ಗಳನ್ನು ಕೊಂದದ್ದು ಬಳಕೆಯಲ್ಲ, ಮಳೆಗಾಲ. ಎರಡನೆಯ ಮಹಾಯುದ್ಧಕ್ಕೆ ಹಿಂದಿನ ತೋಟೆಗಳ ಕಿಡಿಮದ್ದಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯೊಳಗೆ ಉಳಿಯುವುದು ಒಂದು ಬಗೆಯ ಉಪ್ಪು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಣ್ಣೆಯಲ್ಲಿ ಈ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಬಿಸಿನೀರು ಹೊಯ್ದು ತೊಳೆದು ಒಣಗಿಸಿ ಆಮೇಲೆ ಎಣ್ಣೆ ಹಾಕಿದವರ ಕೋವಿ ಉಳಿಯಿತು. ಬರಿಯ ಎಣ್ಣೆಬಟ್ಟೆ ಎಳೆದು ಗೋಡೆಗೆ ನೇತುಹಾಕಿದವರದು ಒಳಗಿನಿಂದ ಕೊರೆದುಹೋಯಿತು. ಅದರಲ್ಲೂ ನಮ್ಮಲ್ಲಿ ಅನೇಕ ಮನೆಗಳಲ್ಲಿ ತೆಂಗಿನೆಣ್ಣೆ ಹಚ್ಚಿಡುವ ಅಭ್ಯಾಸವಿತ್ತು. ಅದು ಹಳಸಿ, ಧೂಳು ಹಿಡಿದು, ಬೋಲ್ಟಿನೊಳಗಿನ ಸೂಜಿಯ ಸ್ಪ್ರಿಂಗಿಗೆ ಗೋಂದಿನಂತೆ ಅಂಟಿಕೊಳ್ಳುತ್ತದೆ.

ನೀವೇ ನೋಡಬಹುದಾದದ್ದು ಇಷ್ಟು. ರೈಫಲ್ ಖಾಲಿ ಇದೆಯೆಂದು ಗೂಡಿಗೆ ಬೆರಳು ಹಾಕಿ ಖಾತ್ರಿ ಮಾಡಿಕೊಂಡು, ಬೋಲ್ಟ್ ಹೊರತೆಗೆದು, ಹಿಂದುಗಡೆಯಿಂದ ನಳಿಗೆಯೊಳಕ್ಕೆ ಬೆಳಕು ಬಿಟ್ಟು ಎರಡೂ ಬದಿಯಿಂದ ನೋಡಿ. ಗೆರೆಗಳ ಅಂಚು ಚೂಪಾಗಿ ಹೊಳೆಯುತ್ತಿದ್ದರೆ ಒಳ್ಳೆಯದು. ಅಲ್ಲಲ್ಲಿ ಕಪ್ಪು ಚುಕ್ಕಿ ಕಂಡರೆ ಹೆದರಬೇಕಾಗಿಲ್ಲ, ಬೇಟೆಯ ದೂರಕ್ಕೆ ಅದರಿಂದ ಗುರಿ ಕೆಡುವುದು ಕಡಿಮೆ. ಆದರೆ ಗೂಡಿನ ಮುಂದಿನ ಕುತ್ತಿಗೆಯ ಬಳಿ ಗೆರೆಗಳೇ ಮಾಯವಾಗಿದ್ದರೆ ಅಥವಾ ನಡುವೆ ಉಂಗುರದಂತೆ ನೆರಳು ಕಂಡರೆ ಅದು ಬೇರೆ ಮಾತು. ಉಂಗುರದ ನೆರಳೆಂದರೆ ಹಿಂದೆಂದೋ ನಳಿಗೆಯಲ್ಲಿ ಅಡ್ಡಿಯಿದ್ದಾಗ ಹಾರಿಸಿ ಉಬ್ಬಿದ ಗುರುತು. ಮರದ ಹಿಡಿಯಲ್ಲಿ, ಬೋಲ್ಟ್ ಹಿಂದೆ ಬಂದು ನಿಲ್ಲುವ ಜಾಗದ ಬೆನ್ನಿಗೆ ಕೂದಲೆಳೆಯ ಸೀಳು ಇದೆಯೇ ಎಂದು ಉಗುರು ಆಡಿಸಿ ನೋಡಿ. ಎಷ್ಟೋ ವರ್ಷ ಎಣ್ಣೆ ಕುಡಿದ ವಾಲ್‌ನಟ್ ಮರ ಅಲ್ಲಿ ಕಪ್ಪಗಾಗಿ ಮೆತ್ತಗಾಗಿರುತ್ತದೆ, ಸೀಳು ಶುರುವಾಗುವುದು ಅಲ್ಲಿಂದಲೇ.

ರಿಪೇರಿಯವರು ನೋಡಬೇಕಾದದ್ದು ಬೋಲ್ಟಿನ ಹಲ್ಲುಗಳು ರಿಸೀವರಿನೊಳಗೆ ಒರಗುವ ಜಾಗ. ಹಳೆಯ ಮೌಸರ್ ರಿಸೀವರ್‌ಗಳ ಉಕ್ಕು ಒಳಗೆ ಮೃದು, ಮೇಲ್ಪದರ ಮಾತ್ರ ಗಟ್ಟಿ ಮಾಡಿದ್ದು. ಆ ಜಾಗ ಒಳಕ್ಕೆ ತಗ್ಗಿದ್ದರೆ ಬೋಲ್ಟ್ ಮತ್ತು ತೋಟೆಯ ನಡುವೆ ಸಂದು ಹೆಚ್ಚುತ್ತದೆ. ಅದನ್ನು ಅಳೆಯುವ ಗೇಜುಗಳಿವೆ. ಬೋಲ್ಟಿನ ಮೇಲಿನ ಸಂಖ್ಯೆಯೂ ರಿಸೀವರಿನ ಸಂಖ್ಯೆಯೂ ಹೊಂದುತ್ತವೆಯೇ ನೋಡಿಕೊಳ್ಳಿ, ಬೇರೆ ರೈಫಲಿನ ಬೋಲ್ಟ್ ಬಂದು ಕೂತಿದ್ದರೆ ಗೇಜಿನ ಪರೀಕ್ಷೆ ಮಾಡದೆ ಮುಂದುವರಿಯಲೇಬಾರದು. ಜೋಡಿ ಟ್ರಿಗರ್‌ನಲ್ಲಿ ಸಾಮಾನ್ಯವಾಗಿ ಹಿಂದಿನದನ್ನು ಎಳೆದರೆ ಮುಂದಿನದು ಅತಿ ಸೂಕ್ಷ್ಮವಾಗುತ್ತದೆ, ಆಗ ಬರಿಯ ಸ್ಪರ್ಶಕ್ಕೆ ಹಾರುತ್ತದೆ. ಸವೆದ ಜೋಡಿಯಲ್ಲಿ ಬೋಲ್ಟ್ ಮುಚ್ಚಿದ ಏಟಿಗೇ ಹಾರುವುದುಂಟು. ನಡುವಿನ ಆ ಸಾಸಿವೆ ತಿರುಪನ್ನು ದಯವಿಟ್ಟು ಮುಟ್ಟಬೇಡಿ.

ಬೆಲೆಯ ವಿಚಾರ. ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್ ಎಂಬ ಇಂಗ್ಲೆಂಡಿನ ಕೋವಿ ಕಂಪೆನಿಗಳ ಹೆಸರಿನವಕ್ಕೂ ಹೆಸರು ಸವೆದ ಸೂಲ್ ರೈಫಲಿಗೂ ಬೆಲೆಯಲ್ಲಿ ಅಜಗಜಾಂತರ. ನಿಮ್ಮದರಲ್ಲಿ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಆ ದುರ್ಬೀನು ಮತ್ತು ಅದನ್ನು ಹಿಡಿದಿರುವ ಉಗುರಿನಂಥ ಕೊಕ್ಕೆಗಳು. ಅವನ್ನು ಒಂದೊಂದು ರೈಫಲಿಗೂ ಕೈಯಿಂದ ಅರದಲ್ಲಿ ಉಜ್ಜಿ ಹೊಂದಿಸುತ್ತಿದ್ದರು. ಕೊಕ್ಕೆಯ ಮೇಲೆ ರೈಫಲಿನದೇ ಸಂಖ್ಯೆ ಇದ್ದರೆ ಜೋಡಿ ಹುಟ್ಟಿನಿಂದ ಒಟ್ಟಿಗಿದೆ ಎಂದರ್ಥ. ಒಳಗೆ ಕಂಡ ಜೇಡರ ಬಲೆ ಗಾಜಿನ ಮೇಲೆ ಬೆಳೆದ ಬೂಷ್ಟು. ಅದನ್ನು ಬಿಚ್ಚಿ ಶುಚಿ ಮಾಡುವವರು ಕ್ಯಾಮೆರಾ ರಿಪೇರಿಯವರಲ್ಲಿ ಸಿಕ್ಕಾರು. ಇನ್ನುಳಿದಂತೆ, ಹೊಸದಾಗಿ ಕಪ್ಪು ಬಣ್ಣ ಹಾಕಿಸುವುದು, ಮರಕ್ಕೆ ಪಾಲಿಶ್ ಹೊಡೆಸುವುದು, ಹೊಸ ದುರ್ಬೀನಿಗೆಂದು ರಿಸೀವರಿಗೆ ತೂತು ಕೊರೆಸುವುದು ಯಾವುದನ್ನೂ ಮಾಡಬೇಡಿ. ಉಜ್ಜಿದರೆ ಮುದ್ರೆಗಳೂ ಅಳಿಯುತ್ತವೆ, ಗಟ್ಟಿ ಪದರವೂ ಹೋಗುತ್ತದೆ. ಅಂಗಡಿಯವರು ಹೊಳಪು ಬರಿಸಿ ಕೊಡುತ್ತೇವೆಂದು ಒತ್ತಾಯಿಸುತ್ತಾರೆ, ಒಪ್ಪಬೇಡಿ.

ವಕೀಲ_ಉಡುಪಿ

ಕಾನೂನಿನ ಕಡೆಯಿಂದ ಕೆಲವು ಮಾತು. ಹಳೆಯದಾದ್ದರಿಂದ ಇದಕ್ಕೆ ಪರವಾನಗಿಯೇ ಬೇಡವೆಂದು ಯಾರಾದರೂ ಹೇಳಿದರೆ ನಂಬಬೇಡಿ. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಕಲಮಿನ ವಿನಾಯಿತಿ, ದುರಸ್ತಿ ಮಾಡಿಯೂ ಹಾರಿಸಲಾಗದ ಹಳೆಯ ಆಯುಧಗಳಿಗೆ ಮಾತ್ರ. ಮೌಸರ್ ರೈಫಲ್ ನೂರು ವರ್ಷದ್ದಾದರೂ ಅದರ ವ್ಯಾಪ್ತಿಗೆ ಬರುವುದಿಲ್ಲ.

ತಂದೆಯವರು ಬದುಕಿರುವಾಗಲೇ ವರ್ಗಾಯಿಸುವ ಯೋಚನೆ ಒಳ್ಳೆಯದು. 2016ರ ಶಸ್ತ್ರಾಸ್ತ್ರ ನಿಯಮಗಳ 25ನೆಯ ನಿಯಮದಂತೆ, ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿಯನ್ನು 25 ವರ್ಷ ಹೊಂದಿದಾಗ, ಯಾವುದು ಮೊದಲೋ ಆಗ, ಅವರು ಸೂಚಿಸಿದ ವಾರಸುದಾರರಿಗೆ ಪರವಾನಗಿ ಕೊಡಬಹುದಾಗಿದೆ. ನೀವು ಕಾರ್ಕಳದವರಾದ್ದರಿಂದ ಅರ್ಜಿ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ, ವಂಶಪಾರಂಪರ್ಯದಿಂದ ಬಂದದ್ದೆಂದರೂ ಮಿತಿ ಅದೇ. ನಿಮ್ಮ ಹೆಸರಿನಲ್ಲಿ ಈಗಾಗಲೇ ಒಂದಿದ್ದರೆ ಈ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ.

ಪರವಾನಗಿಯಲ್ಲಿ ಬರಿಯ '8 ಎಂ.ಎಂ.' ಎಂದಿರುವುದು ಮತ್ತು ಠಾಣೆಯ ರಸೀದಿಯಲ್ಲಿ '.315' ಎಂದಿರುವುದು ಮುಂದೆ ತೊಂದರೆ ಕೊಡಬಹುದಾದ ಅಂಶ. ತಪಾಸಣೆಗೆ ಬಂದವರಿಗೆ ಪುಸ್ತಕದಲ್ಲಿರುವ ಆಯುಧವೂ ಕೈಯಲ್ಲಿರುವ ಆಯುಧವೂ ಒಂದೇ ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಪರವಾನಗಿ ಇರುವ ರಿಪೇರಿಯವರಿಂದ ಸಂಖ್ಯೆ, ಬೋರು, ಮುದ್ರೆಗಳ ವಿವರವಿರುವ ಪ್ರಮಾಣಪತ್ರ ಬರೆಸಿಕೊಂಡು, ಅದನ್ನು ಅರ್ಜಿಗೆ ಲಗತ್ತಿಸಿ ನಮೂದನ್ನು ಸರಿಪಡಿಸಲು ಕೇಳಿಕೊಳ್ಳಿ. ರಿಪೇರಿಗೆ ಒಯ್ಯುವಾಗ ತಂದೆಯವರೇ ಪರವಾನಗಿ ಪುಸ್ತಕದೊಂದಿಗೆ ಜೊತೆಗಿರಲಿ. ಬೇಟೆ ರೈಫಲ್ ಎಂಬ ಹೆಸರು ಮಾತ್ರ ಅದಕ್ಕೆ ಉಳಿದಿದೆ. 1972ರ ವನ್ಯಜೀವಿ ಕಾಯಿದೆ ಇರುವಾಗ, ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ತೋಟಕ್ಕೆ ಬಂದ ಹಂದಿಗೂ ಅದನ್ನು ಎತ್ತುವಂತಿಲ್ಲ.

ಮಾಳ_ಕೃಷಿಕ

ಎಲ್ಲರಿಗೂ ವಂದನೆಗಳು. ತಂದೆಯವರೊಂದಿಗೆ ಮಂಗಳೂರಿನ ಪರವಾನಗಿ ಇರುವ ಅಂಗಡಿಯೊಂದಕ್ಕೆ ಒಯ್ದು ಮರ ಬಿಚ್ಚಿಸಿ ನೋಡಿದೆವು. ಬೋಲ್ಟಿನ ಮೂರು ಹಲ್ಲು, ಬಲ ಮಗ್ಗುಲಿನ ಉದ್ದನೆಯ ಕೊಕ್ಕೆ, ಎಲ್ಲವೂ ಗುರಿಕಾರರು ಬರೆದಂತೆಯೇ ಇವೆ. ನಳಿಗೆಯಡಿಯಲ್ಲಿ ಕಿರೀಟದ ಕೆಳಗೆ 'ಬಿ', 'ಯು', 'ಜಿ' ಮೂರೂ ಸ್ಪಷ್ಟವಾಗಿವೆ, ಪಕ್ಕದಲ್ಲಿ '4.28' ಎಂದೂ, ಸ್ವಲ್ಪ ಹಿಂದಕ್ಕೆ '7,8' ಎಂದೂ ಇದೆ. ಸೀಸದ ಗುಂಡು ತಳ್ಳಿ ಅಳೆದಾಗ ಗೆರೆಗಳ ತಳದ ಅಳತೆ 8.08 ಬಂತು. ಬೋಲ್ಟಿನ ಸಂಖ್ಯೆ ಹೊಂದುತ್ತದೆ, ದುರ್ಬೀನಿನ ಕೊಕ್ಕೆಯ ಒಳಬದಿಯಲ್ಲೂ ಅದೇ ಸಂಖ್ಯೆ ಇದೆ. ರಿಸೀವರಿನ ಮೇಲೆ ಸೇನೆಯ ಮುದ್ರೆಯಾಗಲಿ, ಉಜ್ಜಿ ತೆಗೆದ ಗುರುತಾಗಲಿ ಕಾಣಲಿಲ್ಲ. ನಳಿಗೆಯಲ್ಲಿ ಬುಡದ ಕಡೆ ಕಪ್ಪು ಚುಕ್ಕಿಗಳಿವೆ, ಉಂಗುರವಿಲ್ಲ. ಮರದಲ್ಲಿ ಪಡುಕರೆಯವರು ಹೇಳಿದ ಜಾಗದಲ್ಲಿಯೇ ಸಣ್ಣ ಸೀಳಿದೆ. ಗೇಜು ಅವರಲ್ಲಿ ಇರಲಿಲ್ಲ.

ಗುರಿಕಾರ_ಮಂಗಳೂರು

ಹಾಗಾದರೆ ವಿಷಯ ಹೆಚ್ಚುಕಡಿಮೆ ಇತ್ಯರ್ಥವಾಯಿತು. 1898ರ ಮೌಸರ್ ಆ್ಯಕ್ಷನ್ ಮೇಲೆ ಸೂಲ್‌ನಲ್ಲಿ ಕಟ್ಟಿ, 1928ರ ಏಪ್ರಿಲ್‌ನಲ್ಲಿ ಪರೀಕ್ಷೆಗೊಳಗಾದ ಬೇಟೆ ರೈಫಲ್, 7.8 ಮತ್ತು 8.08 ಎಂಬ ಎರಡು ಅಳತೆಗಳೂ 'ಜೆ' ನಳಿಗೆಗೆ ಹೊಂದುತ್ತವೆ. ಮೊದಲ ಯುದ್ಧದ ನಂತರ ಜರ್ಮನಿಯಲ್ಲಿ ಉಳಿದುಹೋದ ಸೇನಾ ರೈಫಲ್‌ಗಳ ರಿಸೀವರ್ ಬಳಸಿ ಕಟ್ಟಿದವು ಬೇಕಾದಷ್ಟಿವೆ. ನಿಮ್ಮದು ಮುದ್ರೆಯಿಲ್ಲದ ನಾಗರಿಕ ರಿಸೀವರ್ ಆಗಿರುವುದು ಅದರ ಮಟ್ಟಿಗೆ ಹೆಚ್ಚುಗಾರಿಕೆಯೇ. ಗೂಡಿನ ಉದ್ದ 57 ಹೌದೋ ಎಂಬುದನ್ನು ಮಾತ್ರ ಅಚ್ಚು ತೆಗೆಸಿ ಖಚಿತಪಡಿಸಿಕೊಳ್ಳಿ. ಅದೇ 8 ಎಂ.ಎಂ.ನಲ್ಲಿ ಗೂಡು ಬೇರೆಯಿರುವ ತೋಟೆಗಳೂ ಆಗ ಇದ್ದವು.

ಈಗ ಹೊರದೇಶದಿಂದ ಬರುವ 8×57 ತೋಟೆ ಹೆಚ್ಚಿನದು 'ಜೆಎಸ್', ನಿಮ್ಮ ರೈಫಲಿಗೆ ಸಲ್ಲದು. 'ಜೆ' ನಮ್ಮಲ್ಲಿ ಸಿಗುವ ಸಂಭವ ತೀರ ಕಡಿಮೆ. ಡಬ್ಬಿಯಲ್ಲಿರುವ ಅಜ್ಜನ ತೋಟೆಗಳ ಹಿತ್ತಾಳೆ ಇಷ್ಟು ಹೊತ್ತಿಗೆ ಪೆಡಸಾಗಿರುತ್ತದೆ, ಅವನ್ನು ಹಾರಿಸಬೇಡಿ. ಪುಸ್ತಕದಲ್ಲಿ ನಮೂದಾಗಿದ್ದರೆ ಅಂಗಡಿಯವರಿಗೇ ಒಪ್ಪಿಸಿ ರಸೀದಿ ಪಡೆಯಿರಿ. ಗೇಜಿನ ಪರೀಕ್ಷೆ ಆಗದೆ, ಮರದ ಸೀಳಿಗೆ ಒಳಗಿನಿಂದ ಅಂಟು ಬೀಳದೆ ಹಾರಿಸುವ ಪ್ರಶ್ನೆಯೇ ಇಲ್ಲ. ಹಾರಿಸದೆ ಇಟ್ಟುಕೊಳ್ಳುವುದಾದರೆ ಚರ್ಮದ ಚೀಲದಿಂದ ಹೊರತೆಗೆದಿಡಿ, ಚರ್ಮ ತೇವ ಹಿಡಿದಿಡುತ್ತದೆ. ಪ್ರಮಾಣಪತ್ರದಲ್ಲಿ '8×57 ಜೆ, ಗುಂಡಿನ ವ್ಯಾಸ 8.07' ಎಂದು ಸ್ಪಷ್ಟವಾಗಿ ಬರೆಸಿ, ಮುಂದಿನ ಚುನಾವಣೆಗೆ ಠೇವಣಿ ಇಡುವಾಗ ಠಾಣೆಯ ರಸೀದಿಯಲ್ಲೂ ಅದನ್ನೇ ಬರೆಯುವಂತೆ ಕೇಳಿಕೊಳ್ಳಿ.